ಇನ್ನೆರಡು ಶಾಲೆಯವರು ಕರೆಯುವವರೆಗೆ

ರಾಯಕೋಟೆ
16 ಜೂನ್ 2024

ಪವಿತ್ರಳ ಅಪ್ಪನವರಿಗೆ ಚಂದ್ರಲೇಖಾ ಮಾಡುವ ನಮಸ್ಕಾರ.

ಇಲ್ಲಿ ಅತ್ತೆ, ಪವಿತ್ರ, ನಾನು ಮೂವರೂ ಚೆನ್ನಾಗಿದ್ದೇವೆ. ನೀವು ಮನೆಗೆ ವಾಪಸ್ ಬರುತ್ತೀರೆಂದು ನಿಮ್ಮ ದೊಡ್ಡಪ್ಪನ ಮಗ ತಿಮ್ಮರಾಜು ಭಾವ ಬಂದು ಹೇಳಿದರು. ಮತ್ತಿಗಿರಿಯ ಆ ಮನೆ ಬಿಟ್ಟಿರಂತೆ, ನಿಮ್ಮ ಜೊತೆಗಿದ್ದ ಆಕೆಯೂ ತವರಿಗೆ ಹೋದಳಂತೆ. ಕೇಳಿ ನನಗೆ ಸಿಟ್ಟೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಇಳಿಸಿದೆ. ನಾನು ಅಳುತ್ತೇನೆಂದು ಭಾವ ಸ್ವಲ್ಪ ಹೊತ್ತು ಕಾದರು, ಆಮೇಲೆ ಕಾಫಿ ಕುಡಿದು ಹೋದರು. ಫೋನಿನಲ್ಲಾದರೆ ನೀವು ಮಧ್ಯೆ ಬಾಯಿ ಹಾಕುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಪವಿತ್ರ ಆರನೇ ಕ್ಲಾಸಿಗೆ ಹೊಸೂರಿನ ಶಾಲೆ ಸೇರಿದ್ದಾಳೆ. ಫೀಸು, ಪುಸ್ತಕ, ಬಸ್ಸು ಎಲ್ಲ ಅವರದೇ. ಗಂಡ ಬಿಟ್ಟುಹೋದ ಹೆಂಗಸರ ಮಕ್ಕಳಿಗೆಂದು ಆ ಶಾಲೆಯವರು ಕೊಡುವ ನೆರವು ಅದು. ಗಂಡ ವಾಪಸ್ ಬಂದರೆ ನೆರವು ನಿಲ್ಲುತ್ತದೆ ಎಂದು ಹೆಡ್‌ಮಿಸ್ ಬಿಡಿಸಿ ಹೇಳಿದರು. ನಾನು ಒಪ್ಪಿಕೊಂಡೆ. ನೀವು ಬಂದು ಫೀಸು ಕಟ್ಟುತ್ತೇನೆ ಎನ್ನಬೇಡಿ. ನಾಲ್ಕನೇ ಕ್ಲಾಸಿನಲ್ಲೂ ಹಾಗೇ ಅಂದಿದ್ದಿರಿ, ಪರೀಕ್ಷೆಯ ದಿನ ಅವಳನ್ನು ಹೊರಗೆ ನಿಲ್ಲಿಸಿದರು.

ನೆರವು ಕೊಡುವ ಮುಂಚೆ ಅಲ್ಲಿಂದ ಒಬ್ಬ ಮೇಡಂ ಹೇಳದೆ ಕೇಳದೆ ಮನೆಗೆ ಬಂದಿದ್ದರು. ಬಟ್ಟೆ ಒಣಹಾಕಿದ ಹಗ್ಗ ನೋಡಿದರು, ಬಾಗಿಲ ಬಳಿಯ ಚಪ್ಪಲಿ ನೋಡಿದರು. ಕನ್ನಡಿಯ ಪಕ್ಕ ನಿಮ್ಮ ಶೇವಿಂಗ್ ಬ್ರಷ್ ಇತ್ತು. ಎಸೆಯಲು ಅತ್ತೆ ಬಿಟ್ಟಿರಲಿಲ್ಲ. ಮೇಡಂ ಅದನ್ನು ಎತ್ತಿ ಹಿಡಿದು, ಇದು ಯಾರದು ಎಂದು ತಮಿಳಿನಲ್ಲಿ ಕೇಳಿದರು. ಅತ್ತೆ ಮುಂದೆ ಬಂದು, "ನನ್ ಮಗಂದು ಕಣಮ್ಮ. ಅವ್ನು ಹೋಗ್ಬುಟ್ಟ. ಇನ್ ಬರಲ್ಲ," ಎಂದರು. ಬ್ರಷ್ ಈಸಿಕೊಂಡು ಹಿತ್ತಲಿಗೆ ಎಸೆದರು. ಆವತ್ತು ಅತ್ತೆ ಊಟ ಮಾಡಲಿಲ್ಲ.

ಇನ್ನೆರಡು ಶಾಲೆಗಳಲ್ಲೂ ಪವಿತ್ರಳ ಹೆಸರು ವೇಟಿಂಗ್ ಲಿಸ್ಟಿನಲ್ಲಿದೆ. ಒಂದು ಕೃಷ್ಣಗಿರಿಯಲ್ಲಿ, ಒಂದು ಕೆಲಮಂಗಲದಲ್ಲಿ. ಅಲ್ಲಿಯೂ ಫೀಸಿಲ್ಲ, ಗಂಡ ಇದ್ದಾನೋ ಬಿಟ್ಟಿದ್ದಾನೋ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಸೀಟು ಸಿಕ್ಕರೆ ಹೊಸೂರಿನ ನೆರವು ಬಿಟ್ಟುಕೊಡಬಹುದು, ಮಗ ಮನೆಗೆ ಬರಬಹುದು ಎಂದು ಅತ್ತೆ ಮನಸ್ಸಿನಲ್ಲೇ ಎಲ್ಲ ಗೊತ್ತುಮಾಡಿಕೊಂಡಿದ್ದಾರೆ. ಫೋನ್ ಬಂದರೆ ಸಾಕು, "ಇಸ್ಕೂಲ್ನೋರಾ?" ಎಂದು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ.

ಆದ್ದರಿಂದ ಆ ಶಾಲೆಯವರು ಕರೆಯುವವರೆಗೆ ಬರಬೇಡಿ. ಹಬ್ಬಕ್ಕೂ ಬೇಡ. ಮಗಳನ್ನು ನೋಡಬೇಕೆನಿಸಿದರೆ ಭಾನುವಾರ ತಿಮ್ಮರಾಜು ಭಾವನ ಮನೆಗೆ ಬನ್ನಿ, ಕಳಿಸುತ್ತೇನೆ. ಅವಳು ಈಗ ತನ್ನ ಜಡೆ ತಾನೇ ಹಾಕಿಕೊಂಡು ಬಸ್ಸಿಗೆ ಓಡುತ್ತಾಳೆ. ನಿಮ್ಮನ್ನು ಕೇಳುತ್ತಾಳೆಯೇ ಎಂದರೆ, ಮೊದಲು ಕೇಳುತ್ತಿದ್ದಳು. ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. ಏನೂ ಇಲ್ಲ, ಅದೇ ನನಗೂ ಆಶ್ಚರ್ಯ.

ಇಂತಿ,
ಚಂದ್ರಲೇಖಾ

ತಾ.ಕ.: ಇಷ್ಟು ಬರೆದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಕೃಷ್ಣಗಿರಿಯವರು ಗುರುವಾರವೇ ಫೋನ್ ಮಾಡಿದ್ದರು. ಸೀಟಿದೆ, ಬನ್ನಿ ಎಂದರು. ಬೇಡ ಎಂದೆ. ಕೆಲಮಂಗಲದವರಿಗೆ ನಾನೇ ಫೋನ್ ಮಾಡಿ ಹೆಸರು ತೆಗೆಸಿದೆ. ನಿಮಗೆ ಬರೆಯುವುದು ಕಷ್ಟವಾಗಲಿಲ್ಲ. ಅತ್ತೆಗೆ ಮಾತ್ರ ಇನ್ನೂ ಹೇಳಲಾಗಿಲ್ಲ.