ಅತ್ತೆ ಕಟ್ಟಿದ ಗಂಟು

ಕೋಡಿ, ೧೪-೫-೧೯೪೬

ಅಣ್ಣಯ್ಯನಿಗೆ ತಂಗಿ ಸುಗುಣಳ ನಮಸ್ಕಾರ.

ಬಾರಕೂರಿನ ಹೊಳೆ ನೋಡಿ ಬೆಳೆದ ನನಗೆ ಈ ಕಡಲಿನ ಸದ್ದು ಇನ್ನೂ ಹೊಸತು. ಮಳೆಗಾಲದ ಬಿರುಗಾಳಿಗೆ ಮುಂಚೆ ಇಲ್ಲಿ ಮನೆಯ ಮಾಡಿನ ಮೇಲೆ ಹಳೆ ಬಲೆ ಹೊದೆಸಿ ಕಲ್ಲು ಕಟ್ಟಿ ಇಳಿಬಿಡುತ್ತಾರೆ. ನಮ್ಮ ಮನೆಯದೂ ಮುಗಿಯಿತು. ಆದರೆ ನಿನ್ನೆ ಅತ್ತೆ ನನ್ನ ಚಿಕ್ಕ ಮೈದುನರಿಬ್ಬರನ್ನೂ ನಾದಿನಿ ಗುಣವತಿಯನ್ನೂ ಒಂದೇ ಹಗ್ಗಕ್ಕೆ ಸೊಂಟದಲ್ಲಿ ಬಿಗಿದು, ಕಣ್ಣು ಮುಚ್ಚಿಸಿ, ಎತ್ತರದ ದಿಬ್ಬದವರೆಗೆ ನಡೆಸಿದರು. ಸಂತೆಗೆ ಹೊರಟ ಕರುಗಳಂತೆ ಕಂಡು ನಾನು ನಕ್ಕುಬಿಟ್ಟೆ.

ಅತ್ತೆ ಬೈಯಲಿಲ್ಲ. "ಮೂರ್ ವರ್ಷದ್ ಹಿಂದೆ ರಾತ್ರಿ ಕಡಲ್ ನೀರ್ ಒಳಗ್ ಬಂದಾಗ ನಮ್ ಅಮ್ಮಣಿ ಕೈ ಗಟ್ಟಿ ಹಿಡ್ಕಂಡೇ ಇದ್ದಿದ್ದೆ, ಸುಗುಣಾ. ಕೈ ಜಾರತ್ತ್, ಗಂಟ್ ಜಾರುದಿಲ್ಲೆ" ಎಂದರು. ಅಮ್ಮಣಿ ಅವರ ಕಿರಿ ಮಗಳಂತೆ, ಆಗ ನಾಲ್ಕು ವರ್ಷದವಳು. ಆ ಹೆಸರನ್ನು ಈ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಹಗ್ಗದ ತುದಿ ಎತ್ತಿಕೊಂಡು ನಾನೇ ಸೊಂಟಕ್ಕೆ ಕಟ್ಟಿಕೊಂಡೆ. ಅತ್ತೆ ಅದನ್ನು ಬಿಚ್ಚಿ, ಹೊಟ್ಟೆಗೆ ಒತ್ತದಂತೆ ಕಂಕುಳಡಿಯಲ್ಲಿ ಮತ್ತೆ ಕಟ್ಟಿದರು.

ನಮ್ಮ ಅಬ್ಬಿಗೆ ಹೇಳು, ಮಗಳ ವಾಂತಿ ನಿಂತಿದೆ, ಗಂಜಿ ಸೇರುತ್ತಿದೆ. ಇವರು ಬೊಂಬಾಯಿಯಿಂದ ಬರುವುದು ದೀಪಾವಳಿಗೇ. ಆದ್ದರಿಂದ ಬರುವ ವಾರ ನನ್ನನ್ನು ಕರೆದೊಯ್ಯಲು ಬರಬೇಡ, ಚೌತಿ ಕಳೆದ ಮೇಲೆ ಬಾ. ಸಿಟ್ಟಾಗಬೇಡ. ಮುಂದೆ ಅತ್ತೆ, ಹಿಂದೆ ನಾನು ಇದ್ದರೆ ಮಕ್ಕಳು ಮೂವರೂ ನಡುವೆ ಇರುತ್ತಾರೆ.

ದೋಣಿಯವರು ಕರೆಯುತ್ತಿದ್ದಾರೆ, ಅಂಚೆಗೆ ಹಾಕಲು ಕಾರ್ಡು ಕೊಡಬೇಕು.

ಸುಗುಣ