ಉಮಾದೇವಿಯ ಹಲ್ಲಿನ ಸಂದು

ರಾಯಚೂರು, ೧೪ ಅಕ್ಟೋಬರ್ ೨೦೨೫, ಮಂಗಳವಾರ

ಕೆಳತುಟಿ ಊದಿದೆ, ಅನ್ನ ನುಂಗಲಾಗಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

ದೇವದುರ್ಗದ ಉಮಾದೇವಿ ಟೀಚರ್ ಹಲ್ಲಿನ ತಂತಿ ತೋರಿಸಲು ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ಮುಂದಿನ ಹಲ್ಲುಗಳು ಒಂದರ ಮೇಲೊಂದು ಏರಿವೆ, ಸರಿಯಲು ಜಾಗವಿಲ್ಲ. ಒಂದು ಹಲ್ಲು ಕೀಳುವ ಬದಲು, ಸಂದಿನಲ್ಲಿ ತೆಳು ಪಟ್ಟಿ ತೂರಿಸಿ ಎನಾಮಲ್ಲನ್ನು ಕೂದಲೆಳೆಯಷ್ಟು ತೇಯುತ್ತಿದ್ದೆ. ಅವಳ ಗಂಡ ಪ್ರಭುರಾಜ ಬಾಗಿಲು ಒದ್ದು ಒಳಬಂದ.

"ಏ ಡಾಕ್ಟರಮ್ಮ, ನನ್ನ ಹೇಣ್ತಿ ಹಲ್ಲು ತಿಕ್ಕಿ ಚಂದ ಮಾಡಾಕತ್ತೀಯೇನು? ಯಾರಿಗಿ ತೋರ್ಸಾಕ?"

"ಹೊರಗ ನಿಂದರ್ರಿ," ಎನ್ನುವಷ್ಟರಲ್ಲಿ ಅವನ ಮುಷ್ಟಿ ನನ್ನ ಬಾಯಿಗೆ ಬಿತ್ತು. ಗೋಡೆಗೆ ಬಡಿದು ಕುಸಿದೆ. ಅವನು ಅವಳ ಜಡೆ ಹಿಡಿದು ಕುರ್ಚಿಯಿಂದ ಎಳೆದು ಕೆನ್ನೆಗೆ ಹೊಡೆದ. ಹಲ್ಲಿನ ತಂತಿ ಕೆನ್ನೆಯ ಒಳಭಾಗವನ್ನು ಸೀಳಿ ರಕ್ತ ಗದ್ದಕ್ಕಿಳಿಯಿತು. ಅವಳು ಪಕ್ಕದ ಸ್ಟೀಲ್ ಟ್ರೇ ಎತ್ತಿ ಅವನ ಮುಖಕ್ಕೆ ಬೀಸಿದಳು. ಮತ್ತೊಮ್ಮೆ ಬೀಸಿದಳು. ಮೂಗಿನ ಎಲುಬು ಮುರಿದ ಸದ್ದು ಕೇಳಿಸಿತು. ವೈದ್ಯಳಾದ ನಾನು ಹೀಗೆ ಬರೆಯಬಾರದು, ಆದರೆ ಆ ಸದ್ದು ನನಗೆ ಹಿತವಾಗಿತ್ತು.

"ಮದಿವ್ಯಾದಾಗಿಂದ ಸೆರಗು ಅಡ್ಡ ಹಿಡದು ನಕ್ಕೀನಿ. ಇನ್ನ ಮ್ಯಾಲ ಇಲ್ಲ," ಎಂದಳು.

ಹೊರಗೆ ಕಾಯುತ್ತಿದ್ದವರು ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ನಾನು ಅವಳ ಕೆನ್ನೆಗೆ ಹೊಲಿಗೆ ಹಾಕಿದೆ.

"ಮನಿಗಿ ಹೋಗಬ್ಯಾಡ್ರಿ."

"ಇಲ್ರಿ, ಮಾನ್ವಿಗಿ ನಮ್ಮವ್ವನ ಹತ್ರ ಹೋಗ್ತೀನಿ," ಎಂದವಳು ಮತ್ತೆ ಕುರ್ಚಿಗೆ ಒರಗಿ ಬಾಯಿ ತೆರೆದಳು. "ಉಳಿದದ್ದೂ ಇವತ್ತೇ ತೇದ್ಬಿಡ್ರಿ."

ಕೆನ್ನೆ ಮಾಯಲಿ ಎಂದೆ. ಕೇಳಲಿಲ್ಲ. ತೇಯ್ದೆ. ಅತ್ತವಳು ನಾನು, ಅವಳಲ್ಲ. ಯಾಕೆ ಅಂತ ಈಗಲೂ ತಿಳಿದಿಲ್ಲ.