ಹೂವಯ್ಯನವರು ಬರೆಸಿದ ಮುಖ

ಸಾಗರ
14 ನವೆಂಬರ್ 2024

ಪ್ರೀತಿಯ ಜಿನಶ್ರೀ ಅಕ್ಕನಿಗೆ ಭವ್ಯಾಳ ನಮಸ್ಕಾರ.

ಫೋನಿದ್ದೂ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಫೋನಿನಲ್ಲಾದರೆ ನೀನು ಸ್ಪೀಕರ್ ಹಾಕಿಕೊಂಡು ಅಡುಗೆ ಮಾಡುತ್ತೀಯ, ಅಪ್ಪ ಅಲ್ಲೇ ಕೂತಿರುತ್ತಾರೆ. ಇದು ಅವರ ಕಿವಿಗೆ ಬೀಳುವುದು ಬೇಡ.

ನನ್ನ ಅಂಗಡಿಯಲ್ಲಿ ಈಗ ಎನಾಮಲ್ ಪಿನ್ನುಗಳ ಕೆಲಸವೂ ಇದೆ. ಬಟ್ಟೆಗೆ ಚುಚ್ಚಿಕೊಳ್ಳುವ, ಬಣ್ಣ ತುಂಬಿದ ಪುಟ್ಟ ಲೋಹದ ಬಿಲ್ಲೆಗಳು. ನಾನು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಫೈಲು ಕಳಿಸುತ್ತೇನೆ, ಬೇರೆ ಊರಿನವರು ಮಾಡಿ ಕಳಿಸುತ್ತಾರೆ. ಆ ಚಿತ್ರದಲ್ಲಿ ನೆರಳು ಹಾಕುವಂತಿಲ್ಲ. ಗೆರೆ ಇದ್ದಲ್ಲಿ ಲೋಹ ಎದ್ದು ನಿಲ್ಲುತ್ತದೆ, ನಡುವಿನ ತಗ್ಗಿಗೆ ಬಣ್ಣ ಬೀಳುತ್ತದೆ. ಒಂದು ಕಡೆ ಗೆರೆ ಕೂಡದಿದ್ದರೂ ಕೆನ್ನೆಯ ಬಣ್ಣ ಸೀರೆಗೆ ಹರಿಯುತ್ತದೆ. ಹಾಗಾಗಿ ಎಂಥ ಮುಖವಾದರೂ ಹತ್ತು ಹನ್ನೆರಡು ಗೆರೆಗೆ ಇಳಿಯಬೇಕು.

ಹೋದ ತಿಂಗಳು ಹೊಸನಗರದ ಕಡೆಯಿಂದ ಹೂವಯ್ಯ ಎಂಬ ಹಿರಿಯರು ಬಂದರು. ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತಂತೆ. ಆಕೆ ಊರಿನ ಹೆಂಗಸರಿಗೆ ಹೊಲಿಗೆ ಕಲಿಸಿದವರು. ಕಲಿತವರೆಲ್ಲ ಅವರ ನೆನಪಿನ ದಿನ ಸೆರಗಿಗೆ ಚುಚ್ಚಿಕೊಳ್ಳಲು ಅವರ ಮುಖದ ಐವತ್ತು ಪಿನ್ನು ಬೇಕೆಂದರು. ಫೋಟೊ ಕೇಳಿದೆ. ಆಕೆ ಎಂದೂ ಫೋಟೊಗೆ ನಿಂತವರಲ್ಲ, ಆಧಾರ್ ಕಾರ್ಡು ಕೂಡ ಮಾಡಿಸಿರಲಿಲ್ಲವಂತೆ. ತಾನು ಹೇಳುತ್ತೇನೆ, ನೀವು ಬರೆಯಿರಿ ಎಂದರು.

ಪಕ್ಕದಲ್ಲಿ ಕೂತು ಹೇಳಿದರು, ನಾನು ಬರೆದೆ. ಅನುಮಾನ ಬಂದಾಗಲೆಲ್ಲ ಎದ್ದು ಹೊರಗಿನ ಬೆಂಚಿನ ಹತ್ತಿರ ಹೋಗಿ ಬರುತ್ತಿದ್ದರು. ಬಂದು, ಗದ್ದ ಇನ್ನೊಂಚೂರು ಅಗಲ ಬೇಕಂತೆ ಎನ್ನುತ್ತಿದ್ದರು. ಯಾರೋ ನೆಂಟರು ಕೂತಿರಬೇಕು ಅಂದುಕೊಂಡೆ. ಎರಡನೆಯ ಸಲ ಬಂದಾಗ ಆ ನೆಂಟರಿಗೂ ಒಂದು ಲೋಟ ಚಹಾ ಹಿಡಿದು ಹೊರಗೆ ಹೋದೆ. ಬೆಂಚಿನ ಒಂದು ತುದಿಯಲ್ಲಿ ಅವರ ಕೈಚೀಲ ಇತ್ತು. ಉಳಿದ ಜಾಗ ಖಾಲಿ. ಯಾರ ಹತ್ತಿರ ಕೇಳುತ್ತಿದ್ದೀರಿ ಎಂದೆ. "ಅವಳತ್ರಾನೇ," ಅಂದರು, ಕುಡಿಯಲು ನೀರು ಕೇಳುವಷ್ಟು ಸಹಜವಾಗಿ.

ದುಃಖಕ್ಕೆ ಹೀಗಾಗಿದೆ ಎಂದುಕೊಂಡು ಒಳಗೆ ಬಂದು ಕೂತೆ. ಆದರೆ ಅಕ್ಕ, ಹೊರಗಿನಿಂದ ತಂದ ಒಂದೊಂದು ತಿದ್ದುಪಡಿಗೂ ಆ ಮುಖಕ್ಕೆ ಜೀವ ಬರುತ್ತಿತ್ತು. ಕೆನ್ನೆಯ ಮಚ್ಚೆ ತೀರಾ ಚಿಕ್ಕದಾದರೆ ಲೋಹದಲ್ಲಿ ಉಳಿಯುವುದಿಲ್ಲ, ಅದನ್ನು ದೊಡ್ಡದು ಮಾಡುತ್ತಿದ್ದೆ. ಅವರು ಹೊರಗೆ ಹೋಗಿ ಬಂದು, "ಮಚ್ಚೆ ಆ ಕಡೆಗೆ ಹಾಕಿ. ಅವಳು ಕನ್ನಡೀಲಿ ನೋಡಿದ್ದೇ ಅಲ್ವಾ, ತಪ್ಪಿ ಹೇಳಿದ್ಲಂತೆ," ಎಂದರು. ಮಚ್ಚೆಯನ್ನು ಇನ್ನೊಂದು ಕೆನ್ನೆಗೆ ಸರಿಸಿದೆ.

ಐದು ಗಂಟೆಗೆ ಅವಸರದಲ್ಲಿ ಎದ್ದರು. ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ ಎಂದೆ.

"ಬಸ್ಸಿಗಲ್ಲ ಅಮ್ಮಾ. ಹೊತ್ತು ಮುಳುಗೋದ್ರೊಳಗೆ ಅವಳಿಗೆ ಊಟ ಆಗ್ಬೇಕು. ನಮ್ಮದು ಕೋಳಿ ಕೊಯ್ಯೋ ಮನೆ. ಆದ್ರೂ ಮೂವತ್ತೆರಡು ವರ್ಷ ಅವಳು ಅದೊಂದನ್ನ ಬಿಡ್ಲಿಲ್ಲ."

ಮೌಸಿನ ಮೇಲಿದ್ದ ಕೈ ಅಲ್ಲೇ ನಿಂತಿತು. ದೀಪ ಹಚ್ಚುವ ಮೊದಲು ಊಟ ಮುಗಿಸುವವರು ನಮ್ಮ ಜೈನರಲ್ಲದೆ ಇನ್ನಾರು? ತೆರೆಯ ಮೇಲಿನ ಮುಖ ನೋಡಿದೆ. ನನಗೆ ಗೊತ್ತಿದ್ದ ಮುಖ. ಹೆಸರು ಕೇಳಿದ್ದು ಖಾತ್ರಿಗಷ್ಟೇ. ಪದ್ಮಲತಾ ಎಂದರು. ನಮ್ಮಮ್ಮನ ಹೆಸರು.

ಅಜ್ಜಿಮನೆಯಿಂದ ನಮ್ಮಿಬ್ಬರನ್ನು ವಾಪಸು ಕರೆತರುವಾಗ, ಅಮ್ಮ ಜ್ವರ ಬಂದು ಹೋದಳು ಎಂದು ಅಪ್ಪ ಹೇಳಿದ್ದು ನಿನಗೆ ನೆನಪಿರುತ್ತದೆ. ಆಗ ನಿನಗೆ ಒಂಬತ್ತು ವರ್ಷ. ಅವಳು ಜ್ವರದಲ್ಲಿ ಹೋಗಿರಲಿಲ್ಲ. ಇಷ್ಟು ವರ್ಷ ಹೊಸನಗರದ ಹತ್ತಿರವೇ ಇದ್ದಳು.

ಮೊನ್ನೆ ಸೋಮವಾರ ಅವರು ಬಂದಾಗ ನಾನೇ ಮೊದಲು ಹೊರಗೆ ಹೋಗಿ ಬೆಂಚು ನೋಡಿದೆ. "ಇವತ್ತು ಬರ್ಲಿಲ್ಲ. ಮುಖ ಸರಿಯಾಗಿ ಬಂತಲ್ಲ, ಇನ್ನೇನು ಕೆಲ್ಸ ಅಂದ್ಲು," ಎಂದರು. ನಾನು ತಡೆಯಲಾರದೆ, ಶಾಂತಿರಾಜರ ಚಿಕ್ಕ ಮಗಳು ನಾನೇ ಎಂದು ಹೇಳಿಬಿಟ್ಟೆ. ಅವರು ಗಾಬರಿಯಾಗಲಿಲ್ಲ.

"ಗೊತ್ತು. ಈ ಅಂಗಡಿ ತೋರ್ಸಿದ್ದು ಅವಳೇ," ಎಂದರು. "ಮಣ್ಣು ಮಾಡಿ ಹದಿನೈದು ದಿನಕ್ಕೆ."

ಫೈಲು ಕಳಿಸಿದ್ದೇನೆ. ಕಳಿಸುವ ಮೊದಲು ಎಲ್ಲ ಗೆರೆ ಕೂಡಿದೆಯೇ ಎಂದು ನಾಲ್ಕು ಸಲ ನೋಡಿದೆ. ನೆನಪಿನ ದಿನ ಡಿಸೆಂಬರ್ ಹದಿನೈದು, ಭಾನುವಾರ. ಒಬ್ಬಳೇ ಹೋಗಲು ನನಗೆ ಭಯ. ನಿನಗೆ ಅವಳ ಮೇಲೆ ಸಿಟ್ಟು ಬರುವುದು ನ್ಯಾಯವೇ. ನನಗೆ ಜಡೆ ಹಾಕಲೆಂದೇ ಜಡೆ ಹೆಣೆಯಲು ಕಲಿತವಳು ನೀನು. ಆದರೂ ಬಾ. ನನ್ನ ಮನೆಗೆ ಬರುತ್ತಿದ್ದೇನೆ ಎಂದಷ್ಟೇ ಅಪ್ಪನಿಗೆ ಹೇಳು.

ನಿನ್ನ ದಾರಿ ಕಾಯುವ ತಂಗಿ,
ಭವ್ಯಾ

ತಾ.ಕ.: ಅಮ್ಮ ಹೋದಾಗ ಮೂರು ವರ್ಷದವಳು, ಹೆಸರು ಕೇಳುವ ಮೊದಲೇ ಗುರುತು ಹೇಗೆ ಹಿಡಿದೆ ಎಂದು ನೀನು ಕೇಳಿಯೇ ಕೇಳುತ್ತೀಯ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಗೇಟಿನ ಹತ್ತಿರ ಒಬ್ಬ ಹೆಂಗಸು ನನ್ನ ಹೆಸರು ಹಿಡಿದು ಕರೆದಳು. ತಾನೇ ಹೊಲಿದ ಒಂದು ಲಂಗ ಚಾಚಿದಳು. ಯಾರೆಂದು ನನಗೆ ತಕ್ಷಣ ಗೊತ್ತಾಯಿತು ಅಕ್ಕ. ಗೊತ್ತಾಗಿಯೇ, ನಮ್ಮಮ್ಮ ಸತ್ತುಹೋಗಿದ್ದಾಳೆ ಎಂದೆ. ಅವಳು ಹೌದೆನ್ನುವಂತೆ ತಲೆಯಾಡಿಸಿ, ಲಂಗ ಮಡಚಿಕೊಂಡು ಹೋದಳು.